ಸರ್ಕಾರಕ್ಕೆ ಕಳಿಸಿದ ಕಾಲು

ನಮ್ಮ ಮನೆಯವರಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ, ಬಣ್ಣ ಹಚ್ಚುವ ಚಟ. ಆಳಂದದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವರದೊಂದು ತಗಡಿನ ಶೆಡ್ಡು. ಕೂರಿಗೆ, ಕುಂಟೆ, ತೊಗರಿ ರಾಶಿ ಮಾಡುವ ಯಂತ್ರ ಇವನ್ನೆಲ್ಲ ಮಾಡುವುದು, ಕೆಟ್ಟು ಬಂದರೆ ರಿಪೇರಿ ಮಾಡುವುದು ಅಲ್ಲಿನ ಕೆಲಸ. ರಿಪೇರಿಗೆ ಬಂದದ್ದು ಎಂಥ ಹಾಳು ಸಾಮಾನೇ ಇರಲಿ, ವಾಪಸ್ ಹೋಗುವಾಗ ಸೀಮೆಎಣ್ಣೆಯಲ್ಲಿ ತೊಳೆಸಿಕೊಂಡು, ಸವೆದ ಪಿನ್ನು ಬದಲಾಯಿಸಿಕೊಂಡು, ಮೈತುಂಬ ಹಸಿರು ಬಣ್ಣ ಬಳಿಸಿಕೊಂಡೇ ಹೋಗಬೇಕು. ಗಿರಾಕಿ ಕೇಳಿರಲಿ, ಬಿಡಲಿ. ನಿಂಬರ್ಗಾದ ರೈತನೊಬ್ಬ ತನ್ನದೇ ಕೂರಿಗೆ ನೋಡಿ, "ಇದು ನಂದಲ್ರಿ, ಯಾರದೋ ಹೊಸಾದು ನನಗ ಕೊಡಾಕತ್ತೀರಿ" ಎಂದು ಅರ್ಧ ದಿನ ಜಗಳಾಡಿದ್ದ. ನಮ್ಮ ಮನೆಯವರಿಗೆ ಅಂಥ ಜಗಳವೆಂದರೆ ಹಬ್ಬ. ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳುತ್ತಿದ್ದರು. ನನ್ನ ಅಡುಗೆಮನೆಯ ಮಣೆ, ಹಿತ್ತಲ ಬಾಗಿಲು, ಬಾವಿಯ ಗಡಗಡೆ ಎಲ್ಲವೂ ಹಸಿರೇ. ಒಂದು ಸಲ ರೇಗಿ, "ನನಗೂ ಒಂದ್ ಕೈ ಹಚ್ಚಿಬಿಡ್ರಿ, ಹೊಸಾಕಿ ಆಗ್ತೀನಿ" ಅಂದೆ. ಅವರು ನಗಲಿಲ್ಲ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿದರು.

ಶೆಡ್ಡಿನ ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಮುಸಲ್ಮಾನರಾಕೆ, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಲಾರಿಯ ಮೇಲೆ ಕ್ಲೀನರ್ ಆಗಿ ಹೋದ ಗಂಡ ಸೊಲ್ಲಾಪುರದ ಕಡೆಯೇ ಉಳಿದುಬಿಟ್ಟಿದ್ದ. ನಮ್ಮಂಥವರ ಮನೆಗಳಿಂದ ಹಳೇ ಸೀರೆ, ಧೋತರ ಒಯ್ದು, ಪದರು ಪದರಾಗಿ ಹಾಸಿ, ಎಂಥ ಚಳಿಗೂ ಬಗ್ಗದ ಕೌದಿ ಮಾಡಿಕೊಡುತ್ತಿದ್ದಳು. ಆ ಕೆಲಸ ಇಲ್ಲದ ದಿನಗಳಲ್ಲಿ ತೊಗರಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು. ಹಾಲು ಕುಡಿಯುವ ವಯಸ್ಸಿನಲ್ಲೇ ಪೋಲಿಯೋ ಬಂದು ಹುಡುಗಿಯ ಎಡಗಾಲು ಪೂರ್ತಿ ಸೋತಿತ್ತು. ಬಲಗಾಲಿನಲ್ಲಿ ಅರ್ಧ ಜೀವ ಇತ್ತು. ಎರಡೂ ಅಂಗೈಗೆ ಹಳೇ ಚಪ್ಪಲಿ ಕಟ್ಟಿಕೊಂಡು ನೆಲದ ಮೇಲೆ ತೆವಳುತ್ತ ಓಣಿ ತುಂಬ ಓಡಾಡುತ್ತಿದ್ದಳು. ಬಾಯಿ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ. ನಮ್ಮ ಮನೆಯವರನ್ನು ಚಾಚಾ ಅಂತಲೂ ನನ್ನನ್ನು ಖಾಲಾ ಅಂತಲೂ ಕರೆಯುತ್ತಿದ್ದಳು. ಅವರು ಅಪ್ಪನ ತಮ್ಮ, ನಾನು ಅವ್ವನ ತಂಗಿ. ಈ ಸಂಬಂಧದಲ್ಲಿ ನಮ್ಮಿಬ್ಬರ ಮದುವೆ ಯಾರು ಮಾಡಿದರು ಎಂದು ನಾನು ಚೇಷ್ಟೆ ಮಾಡಿದರೆ, "ನಾನಾ ಮಾಡೇನ್ರಿ" ಅನ್ನುತ್ತಿದ್ದಳು.

ಆಗ ಅವಳಿಗೆ ಎಂಟರ ಹತ್ತಿರ ವಯಸ್ಸು. ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಓಣಿಗಳಲ್ಲಿ ಮನೆಮನೆಗೆ ಪಾಯಖಾನೆ ಎಲ್ಲಿಯದು? ಹೆಂಗಸರೆಲ್ಲ ತಂಬಿಗೆ ಹಿಡಿದು ಜಾಲಿಗಿಡಗಳ ಮರೆಗೆ ಹೋಗಬೇಕಿತ್ತು. ಆ ಹುಡುಗಿಯನ್ನು ಅವಳ ತಾಯಿ ಹೆಗಲ ಮೇಲೆ ಹೊತ್ತು ಒಯ್ಯುವುದು, ಹಿಡಿದು ಕೂರಿಸುವುದು, ಮತ್ತೆ ಹೊತ್ತು ತರುವುದು. ಒಂದು ದಿನ ಕೌದಿಗೆ ಸೀರೆ ಆರಿಸುತ್ತ ಕೂತವಳು ಇದ್ದಕ್ಕಿದ್ದಂತೆ ಹೇಳಿದಳು.

"ಆಕಿ ಓಡಲಿ, ಕುಣೀಲಿ ಅಂತ ನಾ ಕೇಳಂಗಿಲ್ಲ ಅಕ್ಕಾ. ಸಾಲಿಗೆ ಹೋಗದಿದ್ರೂ ನಡೀತದ. ಬಯಲಿಗೆ ಒಬ್ಬಾಕಿನ ಹೋಗಿ, ಒಬ್ಬಾಕಿನ ಕುಂತು, ಎದ್ದು ಬಂದ್ರ ಸಾಕು. ನಾಳಿ ದೊಡ್ಡಾಕಿ ಆಗ್ತಾಳ. ಅವಾಗೂ ನಾನಾ ಹಿಡ್ಕೊಂಡು ಕುಂದ್ರಸ್ಲೇನು? ನಾ ಇಲ್ಲದಾಗ ಯಾರ್ ಹಿಡೀತಾರ?"

ನಾನು ರಾತ್ರಿ ಊಟ ಬಡಿಸುತ್ತ ಇದನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ರೊಟ್ಟಿ ತಾಟಿಗಿಟ್ಟರು. ಗುಲಬರ್ಗಾದ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಬೂಟಿಗೆ ಜೋಡಿಸಿ ಕೊಡುತ್ತಾರೆ, ಅದಕ್ಕೆ ಕ್ಯಾಲಿಪರ್ ಅನ್ನುತ್ತಾರೆ ಎಂದರು. ಅದನ್ನು ಕಟ್ಟಿಕೊಂಡರೆ ಕಾಲು ಕೋಲಿನಂತೆ ನೆಟ್ಟಗಾಗುತ್ತದೆ, ನಡೆಯಬಹುದು. ಕುರ್ಚಿಯ ಮೇಲೆ ಕೂರುವವರಿಗೆ ಅದು ಸಾಕು. ಆದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಏಳುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಮಾರನೇ ದಿನದಿಂದ ಶೆಡ್ಡಿನಲ್ಲಿ ಅವರಿಗೆ ಕೂರಿಗೆಯ ಮೇಲೆ ಲಕ್ಷ್ಯವಿರಲಿಲ್ಲ.

ಅದೇ ವರ್ಷ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ರೋಗಿಗಳಿಗೆ, ಅಂಗವಿಕಲರಿಗೆ ಉಪಯೋಗವಾಗುವ ಹೊಸ ಸಾಧನಗಳನ್ನು ಕಂಡುಹಿಡಿಯುವ ಸಣ್ಣ ಕಾರಖಾನೆಗಳಿಗೆ ಸರ್ಕಾರವೇ ಖರ್ಚು ಕೊಡುತ್ತದಂತೆ. ಮೊದಲು ಮಾದರಿ ಮಾಡಲು ಒಂದು ಕಂತು. ಮಾದರಿ ಪಾಸಾದರೆ ಬೇರೆ ಬೇರೆ ಅಳತೆಯಲ್ಲಿ ಮಾಡಿ ಮಕ್ಕಳಿಗೆ ಹಂಚಲು ಎರಡನೇ ಕಂತು. ಅದನ್ನು ಓದಿ ನಾನು ನಕ್ಕೆ. ಬೆಂಗಳೂರಿನವರಿಗೆ ಆಳಂದ ಎಲ್ಲಿದೆ ಅಂತಾದರೂ ಗೊತ್ತಿದೆಯೇ ಎಂದೆ. ನಮ್ಮ ಮನೆಯವರು ಡಿಪ್ಲೊಮಾ ಓದಿದವರು, ಅರ್ಜಿ ಬರೆಯಲು ಬರುತ್ತಿತ್ತು. ಬರೆದೇಬಿಟ್ಟರು. ಗುಲಬರ್ಗಾದ ಎಲುಬಿನ ಡಾಕ್ಟರೊಬ್ಬರು ಜೊತೆಗೆ ಸಹಿ ಹಾಕಿದರು. ನಾನು ನಕ್ಕದ್ದು ನನ್ನ ಮೇಲೇ ಬಂತು. ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ನಮ್ಮ ಶೆಡ್ಡು ನೋಡಲು ಬಂದೇಬಿಟ್ಟರು.

ಮೈಸೂರು ಕಡೆಯವರು, ತೆಳ್ಳಗಿನ ಆಳು, ಕನ್ನಡಕ. ಧೂಳಿಗೆ ಕರವಸ್ತ್ರ ಮೂಗಿಗೆ ಹಿಡಿದೇ ಬಸ್ಸಿಳಿದರು. ಇವರು ಮೂಗು ಮುರಿದು ಹೋಗುವವರೇ ಸೈ ಅಂದುಕೊಂಡು ನಾನು ಚಹಾದಲ್ಲಿ ಸಕ್ಕರೆ ಕಮ್ಮಿ ಹಾಕಿದ್ದೆ. ಆದರೆ ಆ ಮನುಷ್ಯ ಪ್ಯಾಂಟು ಮಡಚಿ ನೆಲದ ಮೇಲೆ ಹುಡುಗಿಯ ಪಕ್ಕ ಕೂತರು. ಅವಳ ಕಾಲು ಮುಟ್ಟಿ ನೋಡಿದರು. "ನಿನಗೆ ಏನಾಗಬೇಕು ಪುಟ್ಟಾ?" ಎಂದು ಕೇಳಿದರು. ಅವಳು ನಾಚಿ ತಾಯಿಯ ಕಡೆ ನೋಡಿದಳು. ತಾಯಿ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದಳು. ಕೊನೆಗೆ ನಾನೇ ಬಾಯಿಬಿಟ್ಟು, ಬಯಲಿನ ವಿಷಯ ಎಂದು ಹೇಳಬೇಕಾಯಿತು. ಅವರು ಅದನ್ನು ಹಾಗೇ ಬರೆದುಕೊಂಡರು. ನಾನು ಎರಡನೇ ಸಲ ಚಹಾ ಮಾಡಿದೆ, ಸಕ್ಕರೆ ಸರಿಯಾಗಿ ಹಾಕಿದೆ.

ಮೊದಲ ಕಂತು ಬಂತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಮಕ್ಕಳ ಮೇಲೆ ನೋಡಬೇಕು ಎಂಬ ಕರಾರಿತ್ತು. ಬೊಂಬಾಯಿಯಿಂದ ಹಗುರವಾದ ಅಲ್ಯುಮಿನಿಯಂ ಪಟ್ಟಿಗಳು ಬಂದವು. ಕಟ್ಟಿಗೆಯಷ್ಟೂ ಭಾರವಿರಲಿಲ್ಲ. ಮೊಣಕಾಲಿನ ಹತ್ತಿರ ನಮ್ಮ ಮನೆಯವರು ಒಂದು ಕೀಲು ಕೂರಿಸಿದರು. ಸೊಂಟದ ಹತ್ತಿರದ ದಾರ ಎಳೆದರೆ ಅದು ಬಿಟ್ಟುಕೊಂಡು ಪೂರ್ತಿ ಮಡಚುತ್ತಿತ್ತು. ಏಳುವಾಗ ಒಳಗಿನ ಸ್ಪ್ರಿಂಗು ಕಾಲನ್ನು ಮೇಲಕ್ಕೆ ತಳ್ಳುತ್ತಿತ್ತು. ತೊಡೆಗೆ ಒತ್ತದಂತೆ ಗಾದಿ ಬೇಕಿತ್ತು. ಅದನ್ನು ಹುಡುಗಿಯ ತಾಯಿ ಕೌದಿಯಂತೆ ಪದರು ಹಾಕಿ ಹೊಲಿದಳು. ಎಷ್ಟೋ ಸಲ ಕಟ್ಟಿ ಬಿಚ್ಚಿ, ತೊಡೆ ಕೆಂಪಾಗಿ, ಹುಡುಗಿ ಅತ್ತು, ಇವರು ಸಿಟ್ಟಾಗಿ, ನಾನು ಇಬ್ಬರನ್ನೂ ಬೈದು, ಅಂತೂ ಒಂದು ದಿನ ಅದು ಹೊಂದಿತು.

ಬೇರೆ ಮಕ್ಕಳಿಗೂ ಮಾಡಿಕೊಟ್ಟರು. ಅತನೂರಿನ ಹುಡುಗನೊಬ್ಬ, ಇವಳಿಗಿಂತ ಬಹಳ ಸಣ್ಣವನು, ಒಂದು ವಾರ ಕಟ್ಟಿಕೊಂಡ. ಅವನ ಅಜ್ಜಿ ಮೊಮ್ಮಗನ ಕಾಲಿಗೆ ಸಂಕೋಲೆ ಹಾಕಿದಿರಿ ಎಂದು ಬಿಚ್ಚಿಸಿ ಕಳಿಸಿದಳು. ಜೇವರ್ಗಿ ಕಡೆಯ ಇನ್ನೊಬ್ಬನನ್ನು ತಂದೆತಾಯಿ ದುಡಿಯಲು ಹೋಗುವಾಗ ತಮ್ಮ ಜೊತೆ ಪುಣೆಗೆ ಒಯ್ದರು. ಅವನ ಸುದ್ದಿಯೂ ಇಲ್ಲ, ಕ್ಯಾಲಿಪರಿನ ಸುದ್ದಿಯೂ ಇಲ್ಲ. ಕೊನೆಗೆ ಬಿಡದೆ ಹಾಕಿಕೊಂಡವಳು ಇವಳೊಬ್ಬಳೇ.

ಅವಳು ಮೊದಲ ಸಲ ಒಬ್ಬಳೇ ತಂಬಿಗೆ ಹಿಡಿದು ಜಾಲಿಗಿಡದ ಕಡೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಂಬಿಗೆ. ನಾನೂ ಅವಳ ತಾಯಿಯೂ ಹಿತ್ತಲ ಗೋಡೆಯ ಹಿಂದೆ ನಿಂತಿದ್ದೆವು. ಹೋಗಿ ಸಹಾಯ ಮಾಡೋಣ ಎಂದು ನಾನು ಹೊರಟರೆ ತಾಯಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಬಹಳ ಹೊತ್ತಾಯಿತು. ಬಿದ್ದಳೇನೋ ಅನ್ನಿಸಿತು. ಆಮೇಲೆ ಗಿಡದ ಮೇಲೆ ಅವಳ ತಲೆ ಕಂಡಿತು. ಸೆಟೆದು ನಿಂತು ನಮ್ಮ ಕಡೆ ನೋಡಿ, "ಅಲ್ಲೇನ್ ನೋಡಾಕತ್ತೀರಿ? ನಾಚಿಕಿ ಆಗಂಗಿಲ್ಲೇನು?" ಎಂದು ಜೋರು ಮಾಡಿದಳು. ತಾಯಿ ಗೋಡೆಗೆ ಮುಖ ಹಚ್ಚಿ ಅತ್ತಳು. ನಾನು ನಕ್ಕೆ, ಅತ್ತೆ, ಎರಡೂ ಮಾಡಿದೆ. ಶೆಡ್ಡಿಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದರೆ ಅವರು ಲೇಥ್ ಮಷಿನ್ನಿನ ಕಡೆ ತಿರುಗಿ ನಿಂತರು.

ಒಂದು ವರ್ಷ, ಅದಕ್ಕಿಂತ ಸ್ವಲ್ಪ ಹೆಚ್ಚೇ, ಅವಳು ಹಾಗೆ ನಡೆದಳು. ಸಾಲಿಗೂ ಸೇರಿದಳು. ಆದರೆ ಮಕ್ಕಳ ಮೈ ಯಾರ ಮಾತು ಕೇಳುತ್ತದೆ? ಹುಡುಗಿ ಬೆಳೆದಳು. ತೊಡೆಯ ಪಟ್ಟಿ ಬಿಗಿಯಾಯಿತು, ಮೊಣಕಾಲು ಒಂದು ಕಡೆ, ಕೀಲು ಒಂದು ಕಡೆ ಆಗತೊಡಗಿತು. ಇವರು ಪಟ್ಟಿಯನ್ನು ಎಳೆದು, ತೂತು ಸರಿಸಿ, ಆದಷ್ಟು ದಿನ ತಳ್ಳಿದರು. ಇನ್ನು ದೊಡ್ಡದೇ ಬೇಕು ಎನ್ನುವ ಹೊತ್ತಿಗೆ ಬೆಂಗಳೂರಿನ ಅಧಿಕಾರಿಯಿಂದ ಕಾಗದ ಬಂತು. ಹುಡುಗಿ ಒಂದು ವರ್ಷ ಹಾಕಿಕೊಂಡ ಕ್ಯಾಲಿಪರನ್ನೇ ಕಳಿಸಿಕೊಡಿ, ಸಮಿತಿಯವರು ಪರೀಕ್ಷೆ ಮಾಡುತ್ತಾರೆ, ಒಪ್ಪಿಗೆಯಾದರೆ ಎರಡನೇ ಕಂತು ಎಂದು ಅದರಲ್ಲಿತ್ತು. ನಮಗೆಲ್ಲ ಖುಷಿಯೋ ಖುಷಿ. ಕೆಲವು ದಿನ ಮತ್ತೆ ತಾಯಿ ಹೊತ್ತುಕೊಂಡು ಹೋಗಬೇಕು, ಅಷ್ಟೇ ತಾನೇ. ಆಮೇಲೆ ದೊಡ್ಡದು ಬರುತ್ತದೆ, ಅದು ಸಣ್ಣದಾದರೆ ಇನ್ನೂ ದೊಡ್ಡದು ಬರುತ್ತದೆ.

ಕ್ಯಾಲಿಪರ್ ಬಿಚ್ಚಿ ನಮ್ಮ ಪಡಸಾಲೆಯಲ್ಲಿ ಇಟ್ಟಾಗ ಅದರ ಅವತಾರ ನೋಡುವಂತಿತ್ತು. ಗಾದಿ ಬೆವರಿಗೆ ಕಪ್ಪಾಗಿ ವಾಸನೆ ಹಿಡಿದಿತ್ತು. ಪಟ್ಟಿಯ ತುಂಬ ಗೀರು. ಕೀಲು ಲಟಪಟ ಅಲ್ಲಾಡುತ್ತಿತ್ತು. ಹುಡುಗಿಯ ತಾಯಿ ಅದನ್ನು ನೋಡಿ ಗಾಬರಿಯಾದಳು.

"ಭೈಯ್ಯಾ, ಇದನ್ನ ಹಿಂಗಾ ಕಳಸ್ತೀರೇನ್ರಿ? ನನ್ನ ಮಗಳ ಬೆವರು ಹತ್ತಿದ್ದು ದೊಡ್ಡ ಸಾಹೇಬ್ರ ಮೇಜಿನ ಮ್ಯಾಲ ಇಡ್ತೀರಿ? ಒಂದ್ ದಿನ ಕೊಡ್ರಿ. ನಾ ಹೊಸಾದು ಹೊಲ್ದ್ ಕೊಡ್ತೇನಿ."

"ಗಾದಿ ಒಂದಾ ಅಲ್ಲವಾ. ಕೀಲೂ ಸಡಲ ಆಗೇದ. ಹಿಂಗ ಲಟಪಟ ಅನ್ನೋದು ಕಳಿಸಿದ್ರ ನಮ್ಮ ಶೆಡ್ಡಿನ ಮಾನ ಏನಾಗ್ತದ?" ಎಂದರು ನಮ್ಮ ಮನೆಯವರು.

ಹೆಣ್ಣು ನೋಡಲು ಬೀಗರು ಬರುತ್ತಾರೆಂದರೆ ಮನೆಯಲ್ಲಿ ನಡೆಯುವ ಗಡಿಬಿಡಿ ಶುರುವಾಯಿತು. ತಾಯಿ ನನ್ನ ಪೆಟ್ಟಿಗೆಯಿಂದ ಮಖಮಲ್ಲಿನ ಖಣ ಕೇಳಿ ಒಯ್ದು ಹೊಸ ಗಾದಿ ಹೊಲಿದಳು. ಸುತ್ತಲೂ ಸಣ್ಣ ಹೂವಿನ ಅಂಚು ಬೇರೆ. ಇವರು ಸವೆದ ಪಿನ್ನು, ಅದು ಕೂರುವ ಬುಶ್ಶು ತೆಗೆದು ಗುಜರಿಗೆ ಬಿಸಾಡಿ ಹೊಸದು ಹಾಕಿದರು. ಗೀರುಗಳನ್ನೆಲ್ಲ ಮರಳು ಕಾಗದದಿಂದ ತಿಕ್ಕಿದರು. ಆಮೇಲೆ ಹೇಳಬೇಕೆ, ಹಸಿರು ಬಣ್ಣ. ಹುಡುಗಿ ಪಕ್ಕದಲ್ಲೇ ಕೂತು, ಇಲ್ಲಿ ಬಿಟ್ಟಿದೆ ಚಾಚಾ, ಅಲ್ಲಿ ಬಿಟ್ಟಿದೆ ಎಂದು ಬೆರಳು ತೋರಿಸುತ್ತಿದ್ದಳು. ಒಣಗಿದ ಮೇಲೆ ನೋಡಿದರೆ ಅದು ಅಂಗಡಿಯಲ್ಲಿ ಇಟ್ಟ ಸಾಮಾನಿನ ಹಾಗೆ ಹೊಳೆಯುತ್ತಿತ್ತು. ಸರ್ಕಾರ ಮೆಚ್ಚದೆ ಎಲ್ಲಿ ಹೋಗುತ್ತದೆ ಎಂದು ನಾನೂ ಅಂದೆ. ಹಳೇ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಗುಲಬರ್ಗಾದಿಂದ ಪಾರ್ಸೆಲ್ ಮಾಡಿ ಬಂದರು.

ಮಳೆಗಾಲ ಹೋಗಿ ತೊಗರಿ ಹೂ ಬಿಡುವ ಹೊತ್ತಿಗೆ ಸಮಿತಿಯ ಮುಂದೆ ಹಾಜರಾಗಲು ಕರೆ ಬಂತು. ಬೆಂಗಳೂರು ನೋಡದವಳು ನಾನು, ಹಟ ಮಾಡಿ ಜೊತೆಗೆ ಹೋದೆ. ಇವರನ್ನು ಒಳಗೆ ಕರೆದರು. ನಾನು ಉದ್ದನೆಯ ವರಾಂಡದಲ್ಲಿ ಬೆಂಚಿನ ಮೇಲೆ ಕೂತೆ. ಬಹಳ ಹೊತ್ತೇನೂ ಆಗಲಿಲ್ಲ. ಇವರು ಹೊರಗೆ ಬಂದರು, ಹಿಂದೆಯೇ ಆ ತೆಳ್ಳಗಿನ ಅಧಿಕಾರಿ ಬಂದರು. ಅವರ ಕೈಯಲ್ಲಿ ಒಂದು ಟ್ರೇ ಇತ್ತು. ಅದರಲ್ಲಿ ನಮ್ಮ ಹಸಿರು ಕ್ಯಾಲಿಪರ್ ಎರಡು ತುಂಡಾಗಿ ಬಿದ್ದಿತ್ತು.

"ಮುರದೀರೇನ್ರಿ ಅದನ್ನ?" ಎಂದು ಎದ್ದೇ ನಿಂತೆ.

"ಮುರಿಯೋದು ಪರೀಕ್ಷೆಯ ಪದ್ಧತಿ ಕಣಮ್ಮ. ಎಷ್ಟು ಭಾರಕ್ಕೆ ಮುರಿಯುತ್ತೆ ಅಂತ ನೋಡಲೇಬೇಕು. ಅದರಲ್ಲಿ ನಿಮ್ಮದು ಪಾಸಾಗಿದೆ, ಚೆನ್ನಾಗೇ ಮಾಡಿದ್ದಾರೆ" ಎಂದು ಅವರು ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. ಆಮೇಲೆ ಕೀಲಿನ ಪಿನ್ನನ್ನು ಬೆರಳಿನಲ್ಲಿ ಹಿಡಿದು ನಮ್ಮ ಮನೆಯವರಿಗೆ ತೋರಿಸಿದರು. "ಇದೊಂದು ಹೇಳಿ. ಇದು ಒಂದು ವರ್ಷ ಮಗು ನಡೆದ ಪಿನ್ನಾ?"

"ಇಲ್ರಿ ಸರ. ಹಳೇದು ಸವದಿತ್ರಿ. ತಮಗ ಕಳಸೋದಲ್ಲೇನ್ರಿ, ಹೊಸಾದು ಹಾಕೇನಿ."

"ಹಳೇದು ಎಲ್ಲಿದೆ?"

"ಗುಜರಿಯಾಂವಗ ಹಾಕಿದ್ನಿ."

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೆ ಬೇಕಾಗಿದ್ದು ಆ ಸವೆದ ಪಿನ್ನೇ. ಎಷ್ಟು ಸವೆದಿದೆ, ಯಾವ ಕಡೆ ಸವೆದಿದೆ, ಪಟ್ಟಿ ಎಲ್ಲಿ ಬಾಗಿದೆ, ಗಾದಿ ಎಲ್ಲಿ ಒತ್ತಿ ತೆಳುವಾಗಿದೆ, ಅದನ್ನು ಅಳೆಯೋಕೇ ನಾನು ಹಾಕಿಕೊಂಡದ್ದನ್ನೇ ಕಳಿಸಿ ಅಂದದ್ದು. ನೀವು ಕಳಿಸಿದ್ದರಲ್ಲಿ ಯಾವ ಮಗುವೂ ಒಂದು ಹೆಜ್ಜೆ ಇಟ್ಟ ಗುರುತೇ ಇಲ್ಲ, ಅದಕ್ಕೇ ಸಮಿತಿ ಒಪ್ಪಲಿಲ್ಲ. ತೊಳೆಯಬೇಡಿ ಅಂತ ನಾನು ಬರೆಯಲಿಲ್ಲ. ಯಾರಾದರೂ ತೊಳೀತಾರೆ ಅಂತ ನನಗೆ ಹೊಳೀಲೇ ಇಲ್ಲ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹುಡುಗಿಯನ್ನೇ ಕರೆತರುತ್ತೇವೆ, ನಿಮ್ಮ ಸಮಿತಿಯ ಮುಂದೆ ನಡೆದು, ಕೂತು, ಎದ್ದು ತೋರಿಸುತ್ತಾಳೆ, ಆಗಲಾದರೂ ನಂಬುತ್ತೀರಾ ಎಂದು ಕೇಳಿದೆ. ಅಷ್ಟು ದೊಡ್ಡ ಕಚೇರಿಯ ವರಾಂಡದಲ್ಲಿ ನನ್ನ ದನಿ ಎಷ್ಟು ಎದ್ದಿತ್ತೆಂದರೆ ಯಾರೋ ಬಾಗಿಲು ತೆರೆದು ನೋಡಿದರು.

"ಅವಳು ನಡೀತಾಳೆ ಅನ್ನೋದರಲ್ಲಿ ಅನುಮಾನ ಇಲ್ಲಮ್ಮ. ನಾನೇ ಕಾಲು ಮುಟ್ಟಿ ಬಂದವನು. ಆದರೆ ಇದನ್ನು ನಾಳೆ ನೂರಾರು ಮಕ್ಕಳಿಗೆ ಕೊಡಬೇಕು. ಕೀಲು ಎಷ್ಟು ದಿನಕ್ಕೆ ಸವೆಯುತ್ತೆ ಗೊತ್ತಿಲ್ಲದೆ ಕೊಟ್ಟರೆ, ಯಾವುದೋ ಮಗು ಮೆಟ್ಟಿಲ ಮೇಲಿದ್ದಾಗ ಬಿಟ್ಟುಕೊಂಡರೆ? ಅದಕ್ಕೆ ನಾನು ಏನು ಹೇಳಲಿ?"

ಇನ್ನೊಂದು ವರ್ಷ ಹಾಕಿಸಿ ನೋಡಿ, ಮತ್ತೆ ಅರ್ಜಿ ಹಾಕಿ ಎಂದರು. ಯಾವುದನ್ನು ಹಾಕಿಸುವುದು? ಸಣ್ಣದು ತುಂಡಾಗಿ ಟ್ರೇಯಲ್ಲಿತ್ತು. ದೊಡ್ಡದಕ್ಕೆ ಬೇಕಾದ ಪಟ್ಟಿ ತರಿಸುವುದು ಎರಡನೇ ಕಂತಿನಲ್ಲಿ. ಆ ಕಂತು ಈ ಸಲಕ್ಕೆ ಮುಗಿದಿತ್ತು, ಮುಂದಿನ ಸಲ ಆ ಯೋಜನೆ ಇರುತ್ತದೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಅದು ಬರಲೂ ಇಲ್ಲ. ಅವರು ಗೇಟಿನ ತನಕ ನಮ್ಮ ಜೊತೆ ನಡೆದು ಬಂದರು. ನನಗೆ ಅವತ್ತು ಒಬ್ಬ ಕೆಟ್ಟ ಮನುಷ್ಯ ಬೇಕಾಗಿತ್ತು. ಲಂಚ ಕೇಳುವವನೋ, ಹಳ್ಳಿಯವರೆಂದು ಹೀಯಾಳಿಸುವವನೋ ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಸಿಕ್ಕವರು ಇಂಥವರು. ವಾಪಸ್ ಬರುವ ದಾರಿಯಲ್ಲಿ ನಮ್ಮ ಮನೆಯವರು ಒಂದೇ ಒಂದು ಮಾತು ಆಡಿದ್ದು, ಗುಜರಿಯವನು ಆ ಹಳೇ ಪಿನ್ನನ್ನು ಇನ್ನೂ ಕಳಿಸಿರಲಿಕ್ಕಿಲ್ಲ ಎಂದು. ಊರಿಗೆ ಬಂದವರೇ ಚೀಲ ಇಟ್ಟು ಅವನ ಅಂಗಡಿಗೆ ಓಡಿದರು. ಅವನ ಸಾಮಾನೆಲ್ಲ ಯಾವಾಗಲೋ ಲಾರಿ ಹತ್ತಿ ಹೋಗಿತ್ತು.

ಇವರು ಗುಜರಿ ಅಂಗಡಿಯಿಂದ ಬರುವ ಮೊದಲೇ ತಾಯಿ ಮಗಳು ನಮ್ಮ ಕಟ್ಟೆಗೆ ಬಂದು ಕೂತಿದ್ದರು. ಹುಡುಗಿ ತಾಯಿಯ ಬೆನ್ನ ಮೇಲಿಂದಲೇ, "ದೊಡ್ಡದು ತಂದೀರೇನ್ರಿ ಖಾಲಾ?" ಎಂದು ಕೂಗಿದ್ದಳು. ನಮ್ಮ ಮನೆಯವರು ಬರಿಗೈಲಿ ಬಂದು ಅವರನ್ನು ನೋಡಿ ಅಂಗಳದಲ್ಲೇ ನಿಂತುಬಿಟ್ಟರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಹೇಳಿದೆನೋ ಗೊತ್ತಿಲ್ಲ. ಸರ್ಕಾರದವರಿಗೆ ಹಳೇದೇ ಬೇಕಿತ್ತಂತೆ, ನಾವು ಹೊಸದು ಮಾಡಿದ್ದು ತಪ್ಪಾಯಿತಂತೆ ಎಂದೆ. ತಾಯಿಗೆ ಅದು ತಿಳಿಯಲೇ ಇಲ್ಲ. ತಿಳಿಯುವಂಥ ಮಾತೂ ಅಲ್ಲ. ಮೆಲ್ಲಗೆ ಕೇಳಿದಳು.

"ನನ್ನ ಗಾದಿ ಛಲೋ ಬಂದಿದ್ದಿಲ್ಲೇನ್ರಿ ಅಕ್ಕಾ? ಅಂಚು ಹಾಕೋದು ಬ್ಯಾಡಾಗಿತ್ತೇನು?"

ಇಲ್ಲವ್ವಾ, ನಿನ್ನ ಗಾದಿಗೆ ಯಾರೂ ಹೆಸರಿಟ್ಟಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಎಷ್ಟೋ ವರ್ಷ ಅವಳ ಮನಸ್ಸಿನಲ್ಲಿ ಅದು ಹಾಗೇ ಉಳಿಯಿತು.

ನಮ್ಮ ಮನೆಯವರು ಸುಮ್ಮನೆ ಕೂರಲಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಪಟ್ಟಿಯಲ್ಲೇ ದೊಡ್ಡದೊಂದು ಮಾಡಿದರು. ಕೀಲು ಅದೇ, ಸ್ಪ್ರಿಂಗು ಅದೇ. ಆದರೆ ಕಬ್ಬಿಣದ ಭಾರಕ್ಕೆ ಹುಡುಗಿಯ ಸೊಂಟ ಕಾಲನ್ನು ಎತ್ತಲಾರದಾಯಿತು. ಕೂತರೆ ಸ್ಪ್ರಿಂಗಿಗೆ ಅವಳನ್ನು ಮೇಲೆತ್ತುವ ಶಕ್ತಿ ಇಲ್ಲ. ಚಾಚಾನ ಮುಖ ನೋಡಿ ಅವಳು ತುಟಿ ಕಚ್ಚಿ ಎರಡು ಹೆಜ್ಜೆ ಹಾಕಿದಳು. "ಛಲೋ ಅದರಿ ಚಾಚಾ" ಅಂದಳು. ಅವರೇ ಬಗ್ಗಿ ಬಿಚ್ಚಿದರು. ಇನ್ನೂ ತೆಳ್ಳಗೆ ಮಾಡಿ ನೋಡಿದರು, ಬಾಗಿತು. ಬೊಂಬಾಯಿಗೆ ಬರೆದರು, ಬಿಡಿಯಾಗಿ ಒಂದೆರಡು ಪಟ್ಟಿ ಅವರು ಮಾರುವುದಿಲ್ಲವಂತೆ. ಮುಂದಿನ ವರ್ಷ ಒಂದು ಶಿಬಿರದಲ್ಲಿ ಹುಡುಗಿಗೆ ಆಸ್ಪತ್ರೆಯ ಕ್ಯಾಲಿಪರ್ ಸಿಕ್ಕಿತು. ಕಾಲು ನೆಟ್ಟಗೆ ನಿಲ್ಲಿಸುವಂಥದ್ದು, ಕೂರಲು ಮಡಚುವಂಥದ್ದಲ್ಲ. ಅದನ್ನು ಕಟ್ಟಿಕೊಂಡು ಸಾಲಿಗೆ ಹೋಗಿ ಬಂದು ಮಾಡುತ್ತಿದ್ದಳು. ನೋಡಿದವರು, ನಡೀತಾಳಲ್ಲ, ಇನ್ನೇನು ಬೇಕು ಅನ್ನುತ್ತಿದ್ದರು. ನಾವೂ ಹಾಗೆಂದು ಸಮಾಧಾನ ಮಾಡಿಕೊಂಡೆವು. ಮನುಷ್ಯರು ಏನೂ ಮಾಡಲಾಗದಿದ್ದಾಗ ಬೇಗ ಸಮಾಧಾನ ಮಾಡಿಕೊಳ್ಳುತ್ತಾರೆ.

ಆಮೇಲಿನ ಒಂದು ಬೇಸಿಗೆ. ಸಾಲಿಗೆ ರಜೆ. ತಾಯಿ ದಿನವೂ ದೂರದ ಹೊಲಕ್ಕೆ ಕಟ್ಟಿಗೆ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಹುಡುಗಿ ಅಷ್ಟರಲ್ಲಿ ಕೌದಿ ಹೊಲಿಯಲು ಕಲಿತಿದ್ದಳು. ಮುಂಜಾನೆ ನಮ್ಮ ಕಟ್ಟೆಯ ಮೇಲೆ ಬಂದು, ಕ್ಯಾಲಿಪರಿನ ಕಾಲು ಉದ್ದಕ್ಕೆ ಚಾಚಿ, ಸಂಜೆಯ ತನಕ ಹೊಲಿಯುತ್ತ ಕೂರುವಳು. ನಮ್ಮ ಕಡೆಯ ವೈಶಾಖದ ಬಿಸಿಲು ಅಂದರೆ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಒಂದು ಮಧ್ಯಾಹ್ನ ನೋಡಿದೆ, ಅವಳ ತುಟಿ ಒಡೆದು ರಕ್ತ ಕಾಣುತ್ತಿತ್ತು. ತಂಬಿಗೆಯಲ್ಲಿ ತಣ್ಣನೆಯ ನೀರು ಒಯ್ದು ಕೊಟ್ಟೆ.

"ಬ್ಯಾಡ್ರಿ ಖಾಲಾ."

"ಯಾಕ? ಮುಂಜಾನಿಂದ ನೋಡಾಕತ್ತೇನಿ, ಒಂದ್ ಹನಿ ಕುಡದಿಲ್ಲ."

"ನೀರಡಿಕಿ ಇಲ್ರಿ."

ತುಟಿ ನೋಡಿದರೆ ಗೊತ್ತಾಗುವ ಸುಳ್ಳು. ಇವಳಿಗೇನು ಬಂತು ಎಂದು ನನಗೆ ರೇಗಿತು. "ಯಾಕ ಬೇ, ಇಷ್ಟು ದಿನ ಇಲ್ಲದ್ದು, ನಮ್ಮನಿ ನೀರು ಈಗ ಸೇರಂಗಿಲ್ಲೇನು?" ಎಂದು ಜೋರಾಗೇ ಕೇಳಿದೆ.

ಅವಳು ಸೂಜಿ ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಒಳಗೆ ಪಡಸಾಲೆಯಲ್ಲಿ ನಮ್ಮ ಮನೆಯವರು ಅಡ್ಡಾಗಿದ್ದರು. ಆ ಕಡೆ ಒಮ್ಮೆ ನೋಡಿ, ಅವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದಳು.

"ಅಮ್ಮಿ ಹೊಲಕ್ಕ ಹೋಗ್ಯಾಳ್ರಿ. ಸಂಜೀಕ ಬರ್ತಾಳ. ಅಲ್ಲೀತನ ನಾ ಕುಡಿಯಂಗಿಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಬಯಲಿಗೆ ನಾ ಕರ್ಕೊಂಡ್ ಹೋಗ್ತೀನಿ ಏಳು. ನಾ ಏನ್ ಹೊರಗಿನಾಕಿ?" ಎಂದೆ.

"ಇವತ್ತ ಒಯ್ತೀರಿ. ನಾಳಿ? ದಿನಾ ಒಯ್ತೀರೇನ್ರಿ ಖಾಲಾ?" ಎಂದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೇ ಕೇಳುತ್ತಿದ್ದಳು. ಆಮೇಲೆ ತಾನೇ ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ರೂಢಿ ಆಗೇದ್ರಿ. ಮಧ್ಯಾಹ್ನ ಒಂದ್ ದಾಟಿದ್ರ ಆತು, ಆಮ್ಯಾಲ ನೀರಿನ ನೆನಪಾ ಆಗಂಗಿಲ್ಲ" ಎಂದು ಸೂಜಿ ಎತ್ತಿಕೊಂಡಳು.

ನಾನು ತುಂಬಿದ ತಂಬಿಗೆ ಹಾಗೇ ಹಿಡಿದು ಒಳಗೆ ಬಂದೆ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ, "ಹುಡುಗಿಗೆ ನೀರು ಕೊಟ್ಟಿಯೇನು?" ಎಂದು ಕೇಳಿದರು.

ಕೊಟ್ಟೆ ಅಂದೆ.